ಬಿ350 ಬೋರ್ಡ್ ಉಳಿಸಿಕೊಂಡು ಹಳೆಯ ಗೇಮಿಂಗ್ ಪಿಸಿ ಅಪ್‌ಗ್ರೇಡ್: ಕೆಲಸದ ದಾಖಲೆ

ಮೇಜಿನ ಮೇಲಿರುವುದು 2017ರ ಹೊತ್ತಿನ ಮಧ್ಯಮ ದರ್ಜೆಯ ಗೇಮಿಂಗ್ ಪಿಸಿ. ರೈಜೆನ್ 5 1600 ಪ್ರೊಸೆಸರ್, ಬಿ350 ಚಿಪ್‌ಸೆಟ್‌ನ ಮದರ್‌ಬೋರ್ಡ್, 2400 ವೇಗದ 8 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), 3 ಜಿಬಿಯ ಜಿಟಿಎಕ್ಸ್ 1060 ಕಾರ್ಡ್, 1 ಟಿಬಿ ಹಾರ್ಡ್ ಡಿಸ್ಕ್, 450 ವ್ಯಾಟ್‌ನ ಪವರ್ ಸಪ್ಲೈ. ವಿಂಡೋಸ್ ತೆರೆದುಕೊಳ್ಳುವಷ್ಟರಲ್ಲಿ ತಾಳ್ಮೆ ಮುಗಿದಿರುತ್ತದೆ, ಹೊಸ ಗೇಮ್ ಹಾಕಿದರೆ ಪ್ರತಿ ತಿರುವಿನಲ್ಲೂ ತಡವರಿಕೆ. 1080ಪಿ ರೆಸಲ್ಯೂಷನ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್ ತಡೆಯಿಲ್ಲದೆ ಬರಬೇಕು, ಬೇಡದ ಒಂದು ಭಾಗಕ್ಕೂ ದುಡ್ಡು ಹೋಗಬಾರದು. ಇಷ್ಟು ಗುರಿ.

ಈ ಪೆಟ್ಟಿಗೆಯಲ್ಲಿ ಇನ್ನೂ ಬೆಲೆ ಉಳಿಸಿಕೊಂಡಿರುವ ಭಾಗ ಬೋರ್ಡ್. ಅದರಲ್ಲೂ ಪ್ರೊಸೆಸರ್ ಕೂರುವ ಅದರ ಎಎಂ4 ಸಾಕೆಟ್. 300 ಸರಣಿಯ ಬೋರ್ಡ್‌ಗಳಿಗೆ ರೈಜೆನ್ 5000 ಪ್ರೊಸೆಸರ್‌ಗಳ ಅಧಿಕೃತ ಬೆಂಬಲ 2022ರಲ್ಲಿ ಬಂತು. ಹಾಗಾಗಿ ಬೋರ್ಡ್ ಬದಲಿಸದೆ, ಡಿಡಿಆರ್5 ರ‍್ಯಾಮ್ ಕೊಳ್ಳದೆ, ಮೂರು ತಲೆಮಾರು ಮುಂದಿನ ಪ್ರೊಸೆಸರ್ ಕೂರಿಸಬಹುದು. ಇಂಟೆಲ್‌ನ ಆರನೇ, ಏಳನೇ ತಲೆಮಾರಿನ ಪಿಸಿ ಇದ್ದವರಿಗೆ ಈ ಅನುಕೂಲ ಇಲ್ಲ. ಎಂಟನೇ ತಲೆಮಾರಿನ ಚಿಪ್‌ಗೂ ಎಲ್‌ಜಿಎ 1151 ಎಂಬ ಹೆಸರೇ ಇದ್ದರೂ 100 ಮತ್ತು 200 ಸರಣಿಯ ಬೋರ್ಡ್‌ಗಳಲ್ಲಿ ಅದು ನಡೆಯುವುದಿಲ್ಲ. ಅಂಥ ಪಿಸಿಗೆ ಎಸ್‌ಎಸ್‌ಡಿ, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ಹಾಕಿ ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು.

ಹಾಕಲು ಆರಿಸಿದ್ದು: ರೈಜೆನ್ 5 5600, 3200 ವೇಗದ 8 ಜಿಬಿಯ ಎರಡು ರ‍್ಯಾಮ್ ಸ್ಟಿಕ್ (ಸಿಎಲ್16, ಅಂದರೆ ವಿಳಂಬದ ಅಂಕಿ 16), 8 ಜಿಬಿಯ ಆರ್‌ಎಕ್ಸ್ 6600, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಒಂದು ಟ್ಯೂಬ್ ಥರ್ಮಲ್ ಪೇಸ್ಟ್, ಐಸೊಪ್ರೊಪೈಲ್ ಆಲ್ಕೋಹಾಲ್, ಒಂದು ಸಿಆರ್2032 ಬಟನ್ ಸೆಲ್. ಪವರ್ ಸಪ್ಲೈ ಬದಲಿಸಬೇಕೋ ಬೇಡವೋ ಎಂಬುದು ಹಳೆಯದನ್ನು ನೋಡಿದ ಮೇಲಿನ ಮಾತು.

ಬಿಚ್ಚುವ ಮೊದಲು ಅಳತೆ

ಸ್ಕ್ರೂಡ್ರೈವರ್ ಮುಟ್ಟುವ ಮುನ್ನ ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ತಂತ್ರಾಂಶ ಹಾಕಿ, ತೆರೆಯ ಮೂಲೆಯಲ್ಲಿ ನಾಲ್ಕು ಅಂಕಿ ಕಾಣುವಂತೆ ಮಾಡಿ: ಗ್ರಾಫಿಕ್ಸ್ ಕಾರ್ಡ್ ಬಳಕೆ, ಅದರ ಮೆಮೊರಿ ಬಳಕೆ, ಪ್ರೊಸೆಸರ್‌ನ ಒಂದೊಂದು ಥ್ರೆಡ್‌ನ (ಒಂದೇ ಹೊತ್ತಿಗೆ ನಡೆಯುವ ಕೆಲಸದ ಎಳೆಯ) ಬಳಕೆ, ಫ್ರೇಮ್ ಟೈಮ್. ಯಾವಾಗಲೂ ಅದೇ ಗೇಮ್, ಅದೇ ಜಾಗ, ಹತ್ತು ನಿಮಿಷ. ಸರಾಸರಿ ಫ್ರೇಮ್ ಎಷ್ಟು, ಅತಿ ನಿಧಾನದ ಶೇ 1 ಫ್ರೇಮ್‌ಗಳು ಎಷ್ಟು ಎಂದು ಬರೆದಿಡಿ. ಸೆಕೆಂಡಿಗೆ 60 ಬೇಕಾದರೆ ಒಂದೊಂದು ಫ್ರೇಮ್ 16.7 ಮಿಲಿಸೆಕೆಂಡ್‌ನಲ್ಲಿ ಮುಗಿಯಬೇಕು. ಸರಾಸರಿ ಚೆನ್ನಾಗಿದ್ದೂ ಆಟ ಜಗ್ಗುತ್ತಿದೆ ಅನ್ನಿಸಿದರೆ ಫ್ರೇಮ್ ಟೈಮ್ ಗೆರೆಯಲ್ಲಿ ಮುಳ್ಳಿನಂತೆ ಏಳುವ ಗೀಟುಗಳು ಕಾಣುತ್ತವೆ.

ಕಾರ್ಡ್ ಬಳಕೆ ಶೇ 97ಕ್ಕಿಂತ ಮೇಲೇ ನಿಂತಿದ್ದರೆ ಕಾರ್ಡ್ ಸಾಲುತ್ತಿಲ್ಲ. ಅದು ಶೇ 60, 70ರಲ್ಲಿ ಓಲಾಡುತ್ತ, ಒಂದೆರಡು ಥ್ರೆಡ್ ಮಾತ್ರ ತುಂಬಿ ತುಳುಕುತ್ತಿದ್ದರೆ ಪ್ರೊಸೆಸರ್ ಸಾಲುತ್ತಿಲ್ಲ. ಇನ್ನೂ ಅನುಮಾನ ಇದ್ದರೆ ರೆಸಲ್ಯೂಷನ್ ಅನ್ನು 720ಪಿಗೆ ಇಳಿಸಿ. ಫ್ರೇಮ್ ಜಾಸ್ತಿಯಾಗದಿದ್ದರೆ ತಪ್ಪು ಕಾರ್ಡಿನದಲ್ಲ. ಪ್ರೊಸೆಸರ್ ಕಟ್ಟಿಹಾಕಿರುವಾಗ ದೊಡ್ಡ ಕಾರ್ಡ್ ತಂದು ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಈ ಪಿಸಿಯಲ್ಲಂತೂ ಮೂರೂ ಕಡೆ ಕೊರತೆ. ಕಾರ್ಡಿನ 3 ಜಿಬಿ ಮೆಮೊರಿ ತುಂಬುತ್ತದೆ, ಅದು ಚೆಲ್ಲಿ 8 ಜಿಬಿ ರ‍್ಯಾಮ್‌ಗೆ ಬರುತ್ತದೆ, ಅದೂ ತುಂಬಿ ಪೇಜ್ ಫೈಲ್ ರೂಪದಲ್ಲಿ ಹಾರ್ಡ್ ಡಿಸ್ಕ್‌ಗೆ ಇಳಿಯುತ್ತದೆ. ಪ್ರತಿ ತಿರುವಿನಲ್ಲಿ ಕಾಣುವ ತಡವರಿಕೆಯ ಮೂಲ ಈ ಸರಪಳಿ.

ಪವರ್ ಸಪ್ಲೈ: ಲೆಕ್ಕ ಮತ್ತು ವಯಸ್ಸು

ಆರ್‌ಎಕ್ಸ್ 6600ಗೆ 132 ವ್ಯಾಟ್, 5600 ಪೂರ್ತಿ ದುಡಿದಾಗ ಸಾಕೆಟ್‌ನಲ್ಲಿ ಎಳೆಯುವ ಮಿತಿ 76 ವ್ಯಾಟ್, ಬೋರ್ಡ್, ಡಿಸ್ಕ್, ಫ್ಯಾನ್‌ಗಳಿಗೆ ಧಾರಾಳವಾಗಿ 50 ವ್ಯಾಟ್. ಒಟ್ಟು 260ರ ಆಸುಪಾಸು. ಒಳ್ಳೆಯ 450 ವ್ಯಾಟ್ ಸಪ್ಲೈ ಇದನ್ನು ನಿರಾಯಾಸವಾಗಿ ಹೊರುತ್ತದೆ. ಒಳ್ಳೆಯದು ಅನ್ನುವುದಕ್ಕೆ 80 ಪ್ಲಸ್ ಎಂಬ ಸ್ಟಿಕರ್ ಸಾಲದು. ಆ ಸ್ಟಿಕರ್ ವಿದ್ಯುತ್ ಎಷ್ಟು ಪೋಲಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ, ರಕ್ಷಣಾ ಸರ್ಕ್ಯೂಟ್‌ಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. ಲೇಬಲ್‌ನಲ್ಲಿ 12 ವೋಲ್ಟ್‌ನ ಸಾಲು ನೋಡಿ. ಅಲ್ಲಿನ ಆಂಪಿಯರ್ ಅನ್ನು 12ರಿಂದ ಗುಣಿಸಿದರೆ ಒಟ್ಟು ವ್ಯಾಟ್‌ಗೆ ಹತ್ತಿರ ಬರಬೇಕು. 450 ಎಂದು ಬರೆದು 12 ವೋಲ್ಟ್‌ಗೆ 20 ಆಂಪಿಯರ್ ಮಾತ್ರ ಕೊಟ್ಟಿದ್ದರೆ ಅದು 240 ವ್ಯಾಟ್‌ನ ಸರಕು. ಯೋಚಿಸದೆ ಬದಲಿಸಿ.

ಗೇಮ್ ನಡೆಯುತ್ತಿರುವಾಗ ಪಿಸಿ ಯಾವ ಎರರ್ ಪರದೆಯೂ ಇಲ್ಲದೆ ದಪ್ಪನೆ ಆಫ್ ಆಗುತ್ತಿದ್ದರೆ ಮೊದಲ ಅನುಮಾನ ಪವರ್ ಸಪ್ಲೈ ಮೇಲೆ. ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತಿದ್ದರೆ ರ‍್ಯಾಮ್ ಅಥವಾ ಡ್ರೈವರ್ ಮೇಲೆ. ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾರೂ ಬಿಚ್ಚಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ಚಾರ್ಜ್ ಉಳಿದಿರುತ್ತದೆ. ಮಾಡ್ಯುಲರ್ (ಕೇಬಲ್ ಕಳಚಬಹುದಾದ) ಸಪ್ಲೈ ಬದಲಿಸುವಾಗ ಅದರ ಕೇಬಲ್‌ಗಳನ್ನೂ ಜೊತೆಗೇ ಬದಲಿಸಬೇಕು. ಕಾರ್ಡ್ ಕಡೆಯ ತುದಿ ಎಲ್ಲ ಕಂಪನಿಗೂ ಒಂದೇ, ಸಪ್ಲೈ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಹಳೆಯ ಕೇಬಲ್ ಹೊಸದಕ್ಕೆ ಸಲೀಸಾಗಿ ಕೂರುತ್ತದೆ, ಆನ್ ಮಾಡಿದ ಕ್ಷಣ 12 ವೋಲ್ಟ್ ಹೋಗಬಾರದ ಕಡೆ ಹೋಗಿ ಡಿಸ್ಕ್ ಸುಡುತ್ತದೆ.

ಬಯಾಸ್, ಹಳೆಯ ಪ್ರೊಸೆಸರ್ ಇರುವಾಗಲೇ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಹೊಸ ಪ್ರೊಸೆಸರ್ ಕೂರಿಸಿದ ಮೇಲೆ ಬಯಾಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡ್‌ನಲ್ಲೇ ಇರುವ ತಂತ್ರಾಂಶ) ಅಪ್‌ಡೇಟ್ ಮಾಡೋಣ ಎಂದರೆ ಸಾಧ್ಯವಿಲ್ಲ, ಹಳೆಯ ಬಯಾಸ್‌ಗೆ ಹೊಸ ಚಿಪ್ ಗುರುತೇ ಸಿಗುವುದಿಲ್ಲ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಇರುತ್ತದೆ.

ಬೋರ್ಡ್ ಮೇಲೆ ಮುದ್ರಿಸಿದ ಮಾಡೆಲ್ ಮತ್ತು ರಿವಿಷನ್ ಸಂಖ್ಯೆಯನ್ನು ಕಣ್ಣಾರೆ ಓದಿ. ಒಂದೇ ಹೆಸರಿನ ಬೋರ್ಡಿನ ಎರಡು ರಿವಿಷನ್‌ಗೆ ಬೇರೆ ಬೇರೆ ಫೈಲ್ ಇರುವುದುಂಟು. ತಯಾರಕರ ಪುಟದ ಪ್ರೊಸೆಸರ್ ಪಟ್ಟಿಯಲ್ಲಿ 5600ರ ಎದುರು ಯಾವ ಬಯಾಸ್ ಆವೃತ್ತಿ ಎಂದು ನೋಡಿ, ಆವೃತ್ತಿಗಳ ಪಕ್ಕದ ಟಿಪ್ಪಣಿ ಓದಿ. ಕೆಲವು ಬೋರ್ಡ್‌ಗಳಲ್ಲಿ ನೇರವಾಗಿ ಕೊನೆಯದಕ್ಕೆ ಹಾರುವಂತಿಲ್ಲ, ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಲೇಬೇಕು. ಅಜೀಸಾ (ಬಯಾಸ್ ಒಳಗಿನ ಎಎಂಡಿ ಕೋಡ್) 1.2.0.7 ಅಥವಾ ನಂತರದ್ದು ಸಿಕ್ಕರೆ ಅದನ್ನೇ ಆರಿಸಿ, ಎಫ್‌ಟಿಪಿಎಂ (ಪ್ರೊಸೆಸರ್ ಒಳಗಿನ ಭದ್ರತಾ ಘಟಕ) ಆನ್ ಇದ್ದಾಗ ಆಗಾಗ ಬರುತ್ತಿದ್ದ ತಡವರಿಕೆ ಅದರಲ್ಲಿ ಸರಿಯಾಗಿದೆ.

ಪೆನ್‌ಡ್ರೈವ್ ಅನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ, ಫೈಲ್ ಹಾಕಿ, ಬಯಾಸ್ ಒಳಗಿನ ಫ್ಲ್ಯಾಶ್ ಉಪಕರಣದಿಂದಲೇ ಅಪ್‌ಡೇಟ್ ಮಾಡಿ. ವಿಂಡೋಸ್ ಒಳಗಿನಿಂದ ಮಾಡುವ ದಾರಿ ಬೇಡ. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆಯೇ, ಹಾಗಾಗಿ ಯುಪಿಎಸ್ ಇದ್ದರೆ ಅದಕ್ಕೆ ಸಿಕ್ಕಿಸಿ. ಮುಗಿದ ಮೇಲೆ ಎಲ್ಲ ಸೆಟ್ಟಿಂಗ್‌ಗಳೂ ಮೂಲ ಸ್ಥಿತಿಗೆ ಮರಳಿರುತ್ತವೆ. ಹಳೆಯ 1600ರಲ್ಲೇ ಒಮ್ಮೆ ವಿಂಡೋಸ್‌ವರೆಗೆ ಬೂಟ್ ಮಾಡಿ ನೋಡಿ, ಆಗ ಮುಂದೆ ಏನೇ ತೊಂದರೆ ಬಂದರೂ ಅದು ಬಯಾಸ್‌ನದಲ್ಲ ಎಂದು ಗೊತ್ತಿರುತ್ತದೆ.

ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದೆಯೇ ಎಂದೂ ಈಗಲೇ ನೋಡಬೇಕು. ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟು ಎನ್‌ಕ್ರಿಪ್ಷನ್ ಆಫ್ ಮಾಡಿ. ಎಫ್‌ಟಿಪಿಎಂ ಇರುವುದು ಪ್ರೊಸೆಸರ್‌ಗೆ ಅಂಟಿಕೊಂಡು. ಪ್ರೊಸೆಸರ್ ಬದಲಾದರೆ ಮೊದಲ ಬೂಟ್‌ನಲ್ಲಿ ಎಫ್‌ಟಿಪಿಎಂ ರೀಸೆಟ್ ಮಾಡಲೇ ಎಂದು ವೈ ಅಥವಾ ಎನ್ ಒತ್ತಲು ಕೇಳುತ್ತದೆ. ಕೀ ಇಲ್ಲದೆ ವೈ ಒತ್ತಿದರೆ ಡಿಸ್ಕ್‌ನಲ್ಲಿದ್ದದ್ದೆಲ್ಲ ಬೀಗದ ಒಳಗೇ ಉಳಿಯುತ್ತದೆ.

ಪ್ರೊಸೆಸರ್ ತೆಗೆಯುವುದು

ಎಎಂ4ನಲ್ಲಿ 1331 ಪಿನ್‌ಗಳು ಇರುವುದು ಪ್ರೊಸೆಸರ್‌ನ ಹೊಟ್ಟೆಯಲ್ಲಿ. ಸಾಕೆಟ್‌ನ ಲಿವರ್ ಪಿನ್‌ಗಳನ್ನು ಬದಿಯಿಂದ ಅಮುಕಿ ಹಿಡಿದಿರುತ್ತದೆಯೇ ಹೊರತು ಪ್ರೊಸೆಸರ್ ಮೇಲೆ ಯಾವ ಮುಚ್ಚಳವೂ ಇಲ್ಲ. ಏಳೆಂಟು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಗೋಂದಿನಂತಾಗಿರುತ್ತದೆ. ಕೂಲರ್‌ನ ಸ್ಕ್ರೂ ಬಿಚ್ಚಿ ನೇರ ಮೇಲಕ್ಕೆ ಎಳೆದರೆ, ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರ್‌ಗೆ ಅಂಟಿಕೊಂಡೇ ಕಿತ್ತು ಬರುತ್ತದೆ, ಪಿನ್ ಬಾಗುತ್ತವೆ.

ಅದಕ್ಕೆ ಮೊದಲು ಪಿಸಿ ಆನ್ ಇಟ್ಟು ಹದಿನೈದು ನಿಮಿಷ ಗೇಮ್ ಓಡಿಸಿ. ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು, ಬಿಸಿ ಆರುವ ಮೊದಲೇ ಕೂಲರ್‌ಗೆ ಕೈ ಹಾಕಿ. ನಾಲ್ಕು ಸ್ಕ್ರೂಗಳನ್ನು ಕರ್ಣದಂತೆ ಎದುರುಬದುರಾಗಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಸಡಿಲಿಸಿ. ಈಗ ಎತ್ತಬೇಡಿ. ಕೂಲರ್ ಅನ್ನು ಎರಡೂ ಕೈಯಲ್ಲಿ ಹಿಡಿದು, ಡಬ್ಬದ ಮುಚ್ಚಳ ತಿರುಗಿಸಿದಂತೆ ಎಡಕ್ಕೆ ಚೂರು, ಬಲಕ್ಕೆ ಚೂರು ತಿರುಗಿಸಿ. ಮೊದಲು ಅಲುಗುವುದಿಲ್ಲ. ಆಮೇಲೆ ಜಾರಿದ ಅನುಭವ ಬೆರಳಿಗೇ ತಿಳಿಯುತ್ತದೆ, ಪೇಸ್ಟ್ ಬಿಟ್ಟುಕೊಟ್ಟಿದೆ ಎಂದರ್ಥ. ಆಗ ಮಾತ್ರ ಒಂದು ಅಂಚಿನಿಂದ ಓರೆಯಾಗಿ ಎತ್ತಿ. ಇಷ್ಟಾದರೂ ಪ್ರೊಸೆಸರ್ ಜೊತೆಗೆ ಬಂದುಬಿಟ್ಟರೆ ಗಾಬರಿ ಬೇಡ. ಬಾಗಿದ ಪಿನ್ ಅನ್ನು ತೆಳ್ಳನೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಸಾಲಿನುದ್ದಕ್ಕೂ ನಿಧಾನವಾಗಿ ನೆಟ್ಟಗೆ ಮಾಡಬಹುದು. ಸಾಕೆಟ್‌ಗೆ ತನ್ನ ಭಾರಕ್ಕೇ ಇಳಿಯುವವರೆಗೆ ಸರಿಪಡಿಸಬೇಕು, ಒತ್ತಿ ಕೂರಿಸಬಾರದು.

ಸ್ಕ್ರೂ ಬಿಚ್ಚಿದಾಗ ಬೋರ್ಡ್ ಹಿಂದಿನ ಬ್ಯಾಕ್‌ಪ್ಲೇಟ್ ಕಳಚಿ ಬೀಳುತ್ತದೆ. ಕ್ಯಾಬಿನೆಟ್ ಅನ್ನು ಮಲಗಿಸಿಯೇ ಕೆಲಸ ಮಾಡಿ, ಹಿಂದೆ ಒಂದು ಕೈ ಆಸರೆ ಇರಲಿ.

ಹೊಸ ಪ್ರೊಸೆಸರ್‌ನ ಮೂಲೆಯ ಚಿನ್ನದ ಬಣ್ಣದ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಹೊಂದಿಸಿ ಬಿಟ್ಟರೆ ತಾನೇ ಕೂರುತ್ತದೆ. ಕೂಲರ್ ತಳದ ಹಳೆಯ ಪೇಸ್ಟನ್ನು ಆಲ್ಕೋಹಾಲ್‌ನಲ್ಲಿ ಒದ್ದೆ ಮಾಡಿದ ನೂಲು ಬಿಡದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಡಿ. 5600 ಜೊತೆ ಬರುವ ರೈತ್ ಸ್ಟೆಲ್ತ್ ಕೂಲರ್‌ಗಿಂತ, ಹಳೆಯ 1600 ಜೊತೆ ಬಂದಿದ್ದ ರೈತ್ ಸ್ಪೈರ್ ಎತ್ತರವೂ ಹೌದು, ಭಾರವೂ ಹೌದು. ಧೂಳು ತೆಗೆದು ಅದನ್ನೇ ಮತ್ತೆ ಹಾಕುವುದು ಜಾಣತನ. ಗಾಳಿ ಊದುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಬಿಟ್ಟರೆ ಅತಿ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ.

ಆರು ಕೋರ್ ತೆಗೆದು ಆರೇ ಕೋರ್ ಹಾಕಿದರೆ ಏನು ಲಾಭ ಎಂದು ಕೇಳುವವರಿದ್ದಾರೆ. 1600ರಲ್ಲಿ ಕೋರ್‌ಗಳು ಮೂರು ಮೂರರ ಎರಡು ಗುಂಪು, ಒಂದೊಂದು ಗುಂಪಿಗೆ 8 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ). ಆಚೆ ಗುಂಪಿನಲ್ಲಿರುವ ಮಾಹಿತಿ ಬೇಕಾದಾಗ ಸುತ್ತು ಬಳಸಿ ಹೋಗಬೇಕು, ಗೇಮ್‌ಗಳಿಗೆ ಅದೇ ದೊಡ್ಡ ಹೊಡೆತ. 5600ರಲ್ಲಿ ಆರೂ ಕೋರ್ ಒಂದೇ ಗುಂಪು, 32 ಎಂಬಿ ಕ್ಯಾಶ್ ಎಲ್ಲಕ್ಕೂ ಕೈಗೆಟುಕುತ್ತದೆ. ಗರಿಷ್ಠ ವೇಗವೂ 3.6ರಿಂದ 4.4 ಗಿಗಾಹರ್ಟ್ಸ್‌ಗೆ ಏರಿದೆ. 5800ಎಕ್ಸ್3ಡಿ ಇನ್ನೂ ವೇಗದ್ದು ನಿಜ, 96 ಎಂಬಿ ಕ್ಯಾಶ್ ಅದಕ್ಕಿದೆ. ಆದರೆ ಅದು 105 ವ್ಯಾಟ್ ವರ್ಗದ್ದು, ಆ ವರ್ಗಕ್ಕೆ ಸಾಕೆಟ್‌ನಲ್ಲಿ 142 ವ್ಯಾಟ್‌ವರೆಗೆ ಎಳೆಯುವ ಅವಕಾಶ ಇದೆ. ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಗೊಳಿಸುವ ಭಾಗ) ಮೇಲೆ ಹೀಟ್‌ಸಿಂಕ್ ಕೂಡ ಇಲ್ಲದ ಅಗ್ಗದ ಬಿ350 ಬೋರ್ಡ್‌ಗೆ ಅದನ್ನು ಕೂರಿಸಬಾರದು.

ಇದೇ ಹೊತ್ತಿಗೆ ಬೋರ್ಡ್‌ನ ಬಟನ್ ಸೆಲ್ ಕೂಡ ಬದಲಿಸಿ. ಹೊಸದು 3 ವೋಲ್ಟ್. ಹಳೆಯದು ಕುಸಿದಿದ್ದರೆ ಪ್ಲಗ್ ತೆಗೆದಾಗಲೆಲ್ಲ ಸೆಟ್ಟಿಂಗ್ ಮರೆತುಹೋಗುತ್ತದೆ.

ರ‍್ಯಾಮ್

ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು ಮತ್ತು ನಾಲ್ಕನೆಯದು. ಪಕ್ಕಪಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಚಾನೆಲ್‌ಗೆ ಸೇರುತ್ತವೆ. 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸಿದರೆ, ಎರಡು ಚಾನೆಲ್‌ನಲ್ಲಿ ಅದು 51.2. ಹಳೆಯ 2400ರ ಸ್ಟಿಕ್ಕನ್ನು ಜೊತೆಗೆ ಉಳಿಸಿಕೊಳ್ಳುವ ಆಸೆ ಬೇಡ, ಎಲ್ಲವೂ ನಿಧಾನದ ಸ್ಟಿಕ್‌ನ ಹೆಜ್ಜೆಗೇ ಇಳಿಯುತ್ತವೆ.

ರ‍್ಯಾಮ್ ಪೊಟ್ಟಣದ ಮೇಲೆ 3200 ಎಂದಿದ್ದರೂ ಸಾಮಾನ್ಯವಾಗಿ ಅದು 2133 ಅಥವಾ 2400ರಲ್ಲೇ ಬೂಟ್ ಆಗುತ್ತದೆ. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮ್‌ನ ಪೂರ್ತಿ ವೇಗದ ಸೆಟ್ಟಿಂಗ್) ಆನ್ ಮಾಡಬೇಕು, ಕೆಲವು ಬೋರ್ಡ್‌ಗಳಲ್ಲಿ ಅದರ ಹೆಸರು ಡಿಓಸಿಪಿ. 1600ರ ಮೆಮೊರಿ ಕಂಟ್ರೋಲರ್‌ಗೆ ಅಧಿಕೃತ ಮಿತಿ 2667. ಹಾಗಾಗಿ ಪ್ರೊಸೆಸರ್ ಬದಲಿಸುವ ಮೊದಲು ಹೊಸ ರ‍್ಯಾಮ್ ಹಾಕಿ, 3200ರಲ್ಲಿ ನಿಲ್ಲದಿದ್ದರೆ ರ‍್ಯಾಮ್ ಕೆಟ್ಟದ್ದೆಂದು ವಾಪಸ್ ಕಳಿಸಬೇಡಿ. 5600 ಕೂರಿಸಿ ನೋಡಿ, ಅದರ ಅಧಿಕೃತ ವೇಗವೇ 3200. ಮೊದಲ ಬೂಟ್‌ನಲ್ಲಿ ಮೆಮೊರಿ ಟ್ರೇನಿಂಗ್ (ಬೋರ್ಡ್ ರ‍್ಯಾಮ್‌ಗೆ ಹೊಂದಿಕೊಳ್ಳುವ ಪರೀಕ್ಷೆ) ನಡೆಯುವಾಗ ಪರದೆ ಕಪ್ಪಾಗಿ, ಪಿಸಿ ಎರಡು ಮೂರು ಸಲ ತಾನೇ ಆಫ್ ಆಗಿ ಆನ್ ಆಗಬಹುದು. ಐದು ನಿಮಿಷ ಕೈಕಟ್ಟಿ ಕೂತಿರಿ.

ಎಸ್‌ಎಸ್‌ಡಿ ಮತ್ತು ವಿಂಡೋಸ್

ಎಂ.2 ಆಕಾರದ (ಬೋರ್ಡ್‌ಗೆ ನೇರ ಸಿಕ್ಕಿಸುವ ಚಪ್ಪಟೆ ಪಟ್ಟಿಯಂಥ) ಎಸ್‌ಎಸ್‌ಡಿಗಳೆಲ್ಲವೂ ವೇಗದ ಎನ್‌ವಿಎಂಇ ಬಗೆಯವಲ್ಲ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್ ಬಳಸುವ ಸಾಟಾ ಬಗೆ, ಸೆಕೆಂಡಿಗೆ 550 ಎಂಬಿಯ ಸುತ್ತಮುತ್ತ ಅದರ ಮಿತಿ. ಪಿಸಿಐಇ (ಬೋರ್ಡ್‌ನ ವೇಗದ ಸಂಪರ್ಕ ದಾರಿ) 3.0 ಎನ್‌ವಿಎಂಇ 3500 ಎಂಬಿವರೆಗೆ ಓದುತ್ತದೆ. 4.0ದ ಎಸ್‌ಎಸ್‌ಡಿ ಕೂಡ ಈ ಬೋರ್ಡ್‌ನಲ್ಲಿ 3.0 ವೇಗಕ್ಕೇ ಇಳಿಯುವುದರಿಂದ ಅದಕ್ಕೆ ಹೆಚ್ಚು ಕೊಡುವುದು ವ್ಯರ್ಥ. ಎಂ.2 ಹಾಕಿದ ಮೇಲೆ ಹಾರ್ಡ್ ಡಿಸ್ಕ್ ಮಾಯವಾದರೆ ಬೋರ್ಡ್‌ನ ಕೈಪಿಡಿ ನೋಡಿ. ಕೆಲವು ಬೋರ್ಡ್‌ಗಳಲ್ಲಿ ಎಂ.2 ಬಳಸಿದಾಗ ಒಂದೆರಡು ಸಾಟಾ ಪೋರ್ಟ್ ಮುಚ್ಚಿಕೊಳ್ಳುತ್ತವೆ, ಕೇಬಲ್ ಬೇರೆ ಪೋರ್ಟ್‌ಗೆ ಬದಲಿಸಿದರೆ ಸರಿ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 1600 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ, 5600 ಇದೆ. ಹಾಗಾಗಿ ಹೊಸ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ 11 ಹಾಕುವುದೇ ಮೇಲು. ಹಾಕುವಾಗ ಹಾರ್ಡ್ ಡಿಸ್ಕ್‌ನ ಕೇಬಲ್ ಕಳಚಿಡಿ, ಇಲ್ಲದಿದ್ದರೆ ಬೂಟ್ ಪಾರ್ಟಿಷನ್ ಹಳೆಯ ಡಿಸ್ಕ್‌ನಲ್ಲೇ ಉಳಿದು, ಮುಂದೊಂದು ದಿನ ಅದು ಕೆಟ್ಟರೆ ಎಸ್‌ಎಸ್‌ಡಿಯೂ ಬೂಟ್ ಆಗುವುದಿಲ್ಲ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಬೂಟ್ ಪದ್ಧತಿ) ಆಫ್, ಎಫ್‌ಟಿಪಿಎಂ ಆನ್. ಹಳೆಯ ವಿಂಡೋಸ್ ಅನ್ನೇ ಇಟ್ಟುಕೊಳ್ಳುವವರು ಡಿಸ್ಕ್ ಹಳೆಯ ಎಂಬಿಆರ್ ಪಾರ್ಟಿಷನ್ ಮಾದರಿಯದ್ದೇ ಎಂದು ಮೊದಲು ನೋಡಬೇಕು. ಆಗಿದ್ದರೆ ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಬದಲಾಯಿಸಿದ ಮೇಲೆಯೇ ಸಿಎಸ್‌ಎಂ ಆಫ್ ಮಾಡಬೇಕು, ಮೊದಲೇ ಮಾಡಿದರೆ ಬೂಟ್ ನಿಲ್ಲುತ್ತದೆ.

ಗ್ರಾಫಿಕ್ಸ್ ಕಾರ್ಡ್ ಆಯ್ಕೆಯಲ್ಲಿ ಲೇನ್ ಲೆಕ್ಕ

ಬಿ350 ಬೋರ್ಡ್ ಪಿಸಿಐಇ 3.0. ಹಳೆಯ ಪಿಸಿಗೆ ಕಾರ್ಡ್ ಆರಿಸುವಾಗ ಇದನ್ನು ಮರೆಯುವಂತಿಲ್ಲ. ಈಚಿನ ಅಗ್ಗದ ಕಾರ್ಡ್‌ಗಳು ಲೇನ್‌ಗಳನ್ನು (ಮಾಹಿತಿ ಸಾಗುವ ಪಥಗಳನ್ನು) ಕತ್ತರಿಸಿಕೊಂಡೇ ಬರುತ್ತವೆ. ಆರ್‌ಎಕ್ಸ್ 6500 ಎಕ್ಸ್‌ಟಿಗೆ ನಾಲ್ಕೇ ಲೇನ್. 4.0 ಬೋರ್ಡ್‌ನಲ್ಲಿ ಹೇಗೋ ನಡೆಯುತ್ತದೆ, 3.0ದಲ್ಲಿ ಸೆಕೆಂಡಿಗೆ ಸುಮಾರು 4 ಜಿಬಿಯ ಇಕ್ಕಟ್ಟಿನ ದಾರಿ ಮಾತ್ರ ಸಿಗುತ್ತದೆ. ಮೇಲೆ ಅದರ ಮೆಮೊರಿಯೂ ಹೆಚ್ಚಿನ ಮಾದರಿಗಳಲ್ಲಿ 4 ಜಿಬಿ. ಅದು ತುಂಬಿದಾಗ ಅದೇ ಇಕ್ಕಟ್ಟಿನ ದಾರಿಯಲ್ಲಿ ರ‍್ಯಾಮ್‌ಗೆ ಓಡಾಡಬೇಕು, ಫ್ರೇಮ್ ಕುಸಿಯುತ್ತದೆ. ಹಳೆಯ ಬೋರ್ಡ್‌ಗೆ ಆ ಕಾರ್ಡ್ ಬೇಡವೇ ಬೇಡ. ಆರ್‌ಎಕ್ಸ್ 6600ಗೆ ಎಂಟು ಲೇನ್, 3.0ದಲ್ಲಿ ಸುಮಾರು 8 ಜಿಬಿ ದಾರಿ. ಮೆಮೊರಿ 8 ಜಿಬಿ ಇರುವುದರಿಂದ ಚೆಲ್ಲುವುದು ಕಡಿಮೆ, ನಷ್ಟವೂ ಸಣ್ಣದು. 170 ವ್ಯಾಟ್‌ಗೆ ಸಪ್ಲೈ ಒಪ್ಪುವುದಾದರೆ 12 ಜಿಬಿಯ ಆರ್‌ಟಿಎಕ್ಸ್ 3060 ಹದಿನಾರು ಲೇನ್‌ನ ಕಾರ್ಡ್, ಅದೂ ಒಳ್ಳೆಯ ಆಯ್ಕೆ. ಇಂಟೆಲ್ ಆರ್ಕ್ ಕಾರ್ಡ್‌ಗಳು ರಿಸೈಜಬಲ್ ಬಾರ್ (ಕಾರ್ಡಿನ ಮೆಮೊರಿ ಪೂರ್ತಿ ಪ್ರೊಸೆಸರ್‌ಗೆ ತೆರೆಯುವ ಸೌಲಭ್ಯ) ಇಲ್ಲದೆ ಬಹಳ ಮುಗ್ಗರಿಸುತ್ತವೆ. ಬೋರ್ಡ್‌ನ ಬಯಾಸ್‌ನಲ್ಲಿ ಆ ಆಯ್ಕೆ ಇದೆಯೇ ಎಂದು ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಆದರೆ ಕೊಳ್ಳುವ ಮೊದಲೇ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ನೋಡಿ. ಆರ್‌ಎಕ್ಸ್ 580 ಹೆಸರಲ್ಲಿ 2048 ಶೇಡರ್‌ಗಳ (ಚಿತ್ರದ ಲೆಕ್ಕ ಮಾಡುವ ಘಟಕಗಳ) ಕಾರ್ಡ್ ಓಡಾಡುತ್ತದೆ, ಪೂರ್ತಿ 580ಗೆ 2304 ಇರಬೇಕು. ಫ್ಯಾನ್‌ಗಳನ್ನು ಬೆರಳಲ್ಲಿ ಅಲುಗಿಸಿ, ತೂಗಾಡಿದರೆ ಬೇರಿಂಗ್ ಸವೆದಿದೆ.

ಎನ್‌ವಿಡಿಯಾದಿಂದ ಎಎಂಡಿಗೆ ಬದಲಾಗುವಾಗ, ಹಳೆಯ ವಿಂಡೋಸ್ ಉಳಿಸಿಕೊಂಡಿದ್ದರೆ, ಇಂಟರ್ನೆಟ್ ಕಡಿದು ಸೇಫ್ ಮೋಡ್‌ನಲ್ಲಿ ಡ್ರೈವರ್ ಅಳಿಸುವ ಡಿಡಿಯು ಎಂಬ ತಂತ್ರಾಂಶ ಓಡಿಸಿ ಹಳೆಯ ಡ್ರೈವರ್ ಪೂರ್ತಿ ತೆಗೆಯಿರಿ. ಕಾರ್ಡ್ ಕೂರಿಸಿದ ಮೇಲೆ ಸ್ಲಾಟ್ ಕೊನೆಯ ಚಿಲಕ ಟಕ್ ಎಂದಿತೇ ಎಂದು ಗಮನಿಸಿ. 8 ಪಿನ್ ಕನೆಕ್ಟರ್ 6 ಮತ್ತು 2 ಆಗಿ ಸೀಳಿರುತ್ತದೆ. ಎರಡನ್ನೂ ಜೋಡಿಸಿ ಹಿಡಿದು ಒಟ್ಟಿಗೇ ತಳ್ಳಬೇಕು. ಬರೀ ಆರು ಪಿನ್ ಕೂತು ಎರಡು ಪಿನ್‌ನ ತುಂಡು ಅರ್ಧಕ್ಕೆ ನಿಂತರೆ ಕಾರ್ಡ್ ದುಡಿಯಲು ಒಪ್ಪುವುದಿಲ್ಲ. ಟಾರ್ಚ್ ಹಾಕಿ ಬದಿಯಿಂದ ನೋಡಿ, ಪ್ಲಾಸ್ಟಿಕ್ ಅಂಚುಗಳ ನಡುವೆ ಕೂದಲೆಳೆಯಷ್ಟೂ ಸಂದು ಕಾಣಬಾರದು, ಕೊಕ್ಕೆ ತುಟಿಯ ಮೇಲೆ ಹತ್ತಿ ಕೂತಿರಬೇಕು.

ಆನ್ ಮಾಡಿದ ಮೇಲೆ

ಚಿತ್ರ ಬರದಿದ್ದರೆ ಮೊದಲು ಎಚ್‌ಡಿಎಂಐ ಕೇಬಲ್ ಎಲ್ಲಿದೆ ನೋಡಿ. 5600ರಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ, ಬೋರ್ಡ್‌ನ ಪೋರ್ಟ್‌ಗೆ ಸಿಕ್ಕಿಸಿದರೆ ಏನೂ ಬರುವುದಿಲ್ಲ. ನಂತರ ಪ್ರೊಸೆಸರ್ ಪಕ್ಕದ 8 ಪಿನ್ ಪವರ್ ಕೇಬಲ್, ಆಮೇಲೆ ಒಂದೇ ಸ್ಟಿಕ್ ರ‍್ಯಾಮ್ ಇಟ್ಟು ಪರೀಕ್ಷೆ, ಕೊನೆಗೆ ಸಿಮಾಸ್ ಕ್ಲಿಯರ್ (ಬಯಾಸ್ ಸೆಟ್ಟಿಂಗ್ ಅಳಿಸುವುದು).

ಚಿತ್ರ ಬಂದರೆ, ವಿಂಡೋಸ್ ಹಾಕುವುದಕ್ಕೂ ಮೊದಲು ಎಕ್ಸ್‌ಎಂಪಿ ಆನ್ ಇಟ್ಟು ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86ನ ನಾಲ್ಕು ಸುತ್ತು. ಒಂದೇ ಒಂದು ತಪ್ಪು ಬಂದರೂ ವೇಗವನ್ನು ಒಂದು ಮೆಟ್ಟಿಲು ಇಳಿಸಿ ಮತ್ತೆ ಓಡಿಸಬೇಕು. ಕೆಟ್ಟ ರ‍್ಯಾಮ್ ಮೇಲೆ ಹಾಕಿದ ವಿಂಡೋಸ್ ಫೈಲ್‌ಗಳನ್ನು ನಂಬುವಂತಿಲ್ಲ. ವಿಂಡೋಸ್ ಆದ ಮೇಲೆ ಜಿಪಿಯು-ಝಡ್‌ನಲ್ಲಿ ಬಸ್ ಸಾಲು ಎಂಟು ಲೇನ್, 3.0 ಎಂದು ತೋರಿಸಬೇಕು. ಕಾರ್ಡ್ ಸುಮ್ಮನಿದ್ದಾಗ 1.1 ಎಂದು ಕಾಣುವುದು ಸಹಜ, ಪಕ್ಕದ ಪ್ರಶ್ನಾರ್ಥಕ ಗುಂಡಿ ಒತ್ತಿ ಕಾರ್ಡಿಗೆ ಕೆಲಸ ಕೊಟ್ಟಾಗ ನಿಜವಾದ ಅಂಕಿ ಬರುತ್ತದೆ. ಅರ್ಧ ಗಂಟೆ ಗೇಮ್ ಓಡಿಸಿ ಎಚ್‌ಡಬ್ಲ್ಯೂಇನ್ಫೊದಲ್ಲಿ ತಾಪ ನೋಡಿ. 5600ರ ಮಿತಿ 90 ಡಿಗ್ರಿ. ಗೇಮ್‌ನಲ್ಲಿ ಅದು 80ರ ಒಳಗೆ ನಿಂತರೆ ಚೆನ್ನ, ತಕ್ಷಣ 90ಕ್ಕೆ ಹಾರಿದರೆ ಕೂಲರ್‌ನ ಒಂದು ಮೂಲೆ ಸರಿಯಾಗಿ ಕೂತಿಲ್ಲ. ಅದೇ ಪುಟದ ಕೊನೆಯ ಡಬ್ಲ್ಯೂಎಚ್‌ಇಎ (ಹಾರ್ಡ್‌ವೇರ್) ತಪ್ಪುಗಳ ಎಣಿಕೆ ಸೊನ್ನೆಯಲ್ಲೇ ಇರಬೇಕು.

ಈಗ ಮೊದಲಿನ ಅದೇ ಜಾಗ, ಅದೇ ಹತ್ತು ನಿಮಿಷ. ಸರಾಸರಿಗಿಂತ ಶೇ 1ರ ಅಂಕಿಯಲ್ಲಿ ಏರಿಕೆ ಹೆಚ್ಚು ಕಾಣಬೇಕು, ಏಕೆಂದರೆ ತಡವರಿಕೆಗೆ ಕಾರಣವಾಗಿದ್ದ ಆ ಸರಪಳಿ ಈಗ ಮೂರೂ ಕಡೆ ಬಿಡಿಸಿಕೊಂಡಿದೆ. ಮಾನಿಟರ್ 60 ಹರ್ಟ್ಸ್‌ನದಾದರೆ ಡ್ರೈವರ್‌ನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ, ಶಾಖವೂ ಸದ್ದೂ ತಟ್ಟನೆ ಇಳಿಯುತ್ತವೆ.

ಹಳೆಯ ಹಾರ್ಡ್ ಡಿಸ್ಕ್ ಅನ್ನು ಮತ್ತೆ ಜೋಡಿಸಿದ ಕೂಡಲೇ ಕ್ರಿಸ್ಟಲ್ ಡಿಸ್ಕ್ ಇನ್ಫೊದಲ್ಲಿ 05 (ಬದಲಿಸಿದ ಸೆಕ್ಟರ್) ಮತ್ತು ಸಿ5 (ಓದಲು ತಿಣುಕುವ ಸೆಕ್ಟರ್) ಎಂಬ ಎರಡು ಸಾಲು ನೋಡಿ. ಎರಡರಲ್ಲೂ ಸೊನ್ನೆ ಇದ್ದರೆ ಹಳೆಯ ಗೇಮ್‌ಗಳಿಗೂ ವಿಡಿಯೊಗಳಿಗೂ ಗೋದಾಮಾಗಿ ಇಟ್ಟುಕೊಳ್ಳಿ. ಸಿ5 ಏರುತ್ತಿದ್ದರೆ ಓದಲಾಗದ ಸೆಕ್ಟರ್‌ಗಳು ಹುಟ್ಟುತ್ತಿವೆ, ಫೋಟೊಗಳನ್ನು ಅಂದೇ ಬೇರೆ ಕಡೆ ನಕಲು ಮಾಡಿಕೊಂಡು ಡಿಸ್ಕ್ ಕಳಚಿಬಿಡಿ.